ಕೇಳಿದ್ದಕ್ಕೆ ಹೇಳಿದ್ದು: ಈ ಸಲ ಪೂರ್ತಿ ವಹೀದಾ ರೆಹಮಾನ್

ಹೋದ ತಿಂಗಳು ಯಾರೋ ಹಳೆಯ ಹಿಂದಿ ಹಾಡುಗಳ ಬಗ್ಗೆ ಕೇಳಿದ್ದರು. ಉತ್ತರ ಬರೆಯುವಾಗ ಸುಮ್ನೆ ಹಿಂದಿ ನಟಿ ವಹೀದಾ ರೆಹಮಾನ್ ಬಗ್ಗೆ ನಾಲ್ಕು ಸಾಲು ಸೇರಿಸಿದ್ದೆ. ಅಷ್ಟೇ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವರದೇ ವಿಷಯ. ಹೊಗಳಿಕೆ, ತಕರಾರು, ತಿದ್ದುಪಡಿ, ಒಂದಿಷ್ಟು ಗಾಸಿಪ್ಪು. ಹಾಗಾಗಿ ಈ ಸಲ ಜಾಗವೆಲ್ಲ ಅವರೊಬ್ಬರಿಗೇ. ಕೂದಲು ಉದುರುವ ಬಗ್ಗೆ, ಅತ್ತೆ ಜೊತೆಗಿನ ಜಗಳದ ಬಗ್ಗೆ ಬರೆದವರು ದಯವಿಟ್ಟು ಒಂದು ತಿಂಗಳು ತಾಳಿಕೊಳ್ಳಿ.

ಪ್ರಶ್ನೆ: ಮೇಡಂ, ವಹೀದಾ ಹೈದರಾಬಾದಿನವರು ಎಂದು ಬರೆದಿದ್ದೀರಿ. ತಪ್ಪು. ನಾನು ಮೂವತ್ತು ವರ್ಷ ಮೇಷ್ಟ್ರಾಗಿದ್ದವನು, ತಪ್ಪು ಕಂಡರೆ ಸುಮ್ಮನಿರಲು ಆಗುವುದಿಲ್ಲ. (ಹಾಸನದಿಂದ ನಿವೃತ್ತ ಶಿಕ್ಷಕರು)

ಉತ್ತರ: ಸಾರ್, ಕಿವಿ ಹಿಡಿದುಕೊಂಡಿದ್ದೇನೆ. ಅವರು ಹುಟ್ಟಿದ್ದು ತಮಿಳುನಾಡಿನ ಚೆಂಗಲ್‌ಪಟ್ಟುವಿನಲ್ಲಿ, 1938ರ ಫೆಬ್ರವರಿ 3ರಂದು. ಉರ್ದು ಮಾತಾಡುವ ಮನೆ, ಹೆಸರು ಬಂದಿದ್ದು ತೆಲುಗು ಸಿನಿಮಾದಿಂದ, ಹಿಂದಿಯ ನಟ, ನಿರ್ದೇಶಕ ಗುರುದತ್ ಕಣ್ಣಿಗೆ ಬಿದ್ದಿದ್ದು ಹೈದರಾಬಾದಿನಲ್ಲಿ. ಇಷ್ಟೂ ಸೇರಿ ‘ಹೈದರಾಬಾದಿ ಹುಡುಗಿ’ ಎಂದು ಎಷ್ಟೋ ಕಡೆ ಅಚ್ಚಾಗಿದೆ. ನಾನೂ ಅದನ್ನೇ ನೋಡಿ ಬರೆದೆ.

ಅಪ್ಪ ಸರ್ಕಾರಿ ಅಧಿಕಾರಿ. ವರ್ಗಾವಣೆ ಆದ ಕಡೆಯೆಲ್ಲ ಸಂಸಾರ. ನಾಲ್ಕು ಹೆಣ್ಣುಮಕ್ಕಳಲ್ಲಿ ಇವರೇ ಕೊನೆಯವರು. ಹುಡುಗಿಗೆ ಭರತನಾಟ್ಯದ ಹುಚ್ಚು. ಮುಸ್ಲಿಂ ಮನೆಯ ಹುಡುಗಿಯರು ಕುಣಿಯುವುದಾ ಎಂದು ನೆಂಟರು ಮೂಗು ಮುರಿದರೆ, ಕಲೆಯಲ್ಲಿ ಕೆಟ್ಟದ್ದು ಏನೂ ಇಲ್ಲ ಎಂದು ಅಪ್ಪ ಕಲಿಸಿದರು. ಮದರಾಸಿನಲ್ಲಿ ಒಬ್ಬ ವಯಸ್ಸಾದ ಗುರುಗಳ ಹತ್ತಿರ ಹೋದಾಗ ಅವರು ಮೊದಲು ಹಿಂದೇಟು ಹಾಕಿದರಂತೆ. ಆಮೇಲೆ ಜಾತಕ ತನ್ನಿ ಎಂದರಂತೆ. ಇವರ ಮನೆಯಲ್ಲಿ ಜಾತಕ ಎಲ್ಲಿಂದ ಬರಬೇಕು? ಹುಟ್ಟಿದ ದಿನ, ಹೊತ್ತು ಕೇಳಿಕೊಂಡು ಗುರುಗಳೇ ಕುಂಡಲಿ ಹಾಕಿ ನೋಡಿ, ಇವಳು ನನ್ನ ಕೊನೆಯ ಶಿಷ್ಯೆ, ಒಳ್ಳೆಯ ಶಿಷ್ಯೆ ಆಗುತ್ತಾಳೆ ಎಂದು ಒಪ್ಪಿಕೊಂಡರಂತೆ. ಇದು ವಹೀದಾ ಅವರೇ ಹೇಳಿಕೊಂಡಿರುವ ಕಥೆ. ಜಾತಕದ ಮೇಲೆ ನನಗೆ ಅಂಥ ನಂಬಿಕೆ ಏನಿಲ್ಲ, ಆದರೆ ಈ ಒಂದು ಜಾತಕದ ಬಗ್ಗೆ ನನ್ನ ತಕರಾರಿಲ್ಲ.

ಅಪ್ಪ ಬೇಗ ತೀರಿಕೊಂಡರು. ಆಗ ಇವರಿನ್ನೂ ಹದಿಮೂರರ ಆಸುಪಾಸು. ಮನೆ ನಡೆಯಬೇಕಲ್ಲ, ಸಿನಿಮಾ ಬಂದಿದ್ದು ಆಗ.

ಪ್ರಶ್ನೆ: ಅಕ್ಕಾ, ಒಂದು ಎಮ್ಮೆ ದೆಸೆಯಿಂದ ವಹೀದಾ ಸಿನಿಮಾಕ್ಕೆ ಬಂದರು ಎಂದು ರೀಲ್ಸ್‌ನಲ್ಲಿ ನೋಡಿದೆ. ನಿಜಾನಾ? (ದಾವಣಗೆರೆಯಿಂದ ಬಿ.ಕಾಂ. ಹುಡುಗಿ)

ಉತ್ತರ: ಸಿನಿಮಾಕ್ಕಲ್ಲ ಪುಟ್ಟಿ, ಬೊಂಬಾಯಿಗೆ. ಸಿನಿಮಾಕ್ಕೆ ಅವರು ಆಗಲೇ ಬಂದಾಗಿತ್ತು. 1955ರಲ್ಲಿ ‘ರೋಜುಲು ಮಾರಾಯಿ’ ಎಂಬ ತೆಲುಗು ಚಿತ್ರದಲ್ಲಿ ‘ಏರುವಾಕ ಸಾಗಾರೋ’ ಹಾಡಿಗೆ ಕುಣಿದಿದ್ದರು. ಮಳೆ ಬಂತು, ಬೇಸಾಯ ಶುರುಮಾಡೋಣ ಎನ್ನುವ ಥರದ ಹಾಡು. ಆ ಹಾಡಿಗೇ ಜನ ಮುಗಿಬಿದ್ದರು. ಚಿತ್ರತಂಡ ಊರೂರು ಸುತ್ತುವಾಗ ಜನ ಕೂಗುತ್ತಿದ್ದುದು ಈ ಕುಣಿಯುವ ಹುಡುಗಿಯ ಹೆಸರನ್ನು.

ಎಮ್ಮೆಯ ಕಥೆ ಗುರುದತ್ ಅವರ ಬರಹಗಾರ ಅಬ್ರಾರ್ ಆಲ್ವಿ ಹೇಳುತ್ತಿದ್ದದ್ದು. ಯಾವುದೋ ತೆಲುಗು ಸಿನಿಮಾ ನೋಡಿ ಹಿಂದಿಗೆ ತರಬಹುದಾ ಎಂದು ಇವರೆಲ್ಲ ಕಾರು ಹತ್ತಿ ಹೈದರಾಬಾದಿಗೆ ಹೊರಟರು. ದಾರಿಯಲ್ಲಿ ಕಾರು ಎಮ್ಮೆಗೆ ಗುದ್ದಿತು. ಕಾರು ರಿಪೇರಿಯಾಗುವ ತನಕ ಅಲ್ಲೇ ಠಿಕಾಣಿ. ಬಂದ ಕೆಲಸ ಕೈಗೂಡಲಿಲ್ಲ. ಹಂಚಿಕೆದಾರರ ಆಫೀಸಿನಲ್ಲಿ ಕೂತಿದ್ದಾಗ ಹೊರಗೆ ಗಲಾಟೆ. ಏನು ಎಂದರೆ, ಒಂದೇ ಹಾಡಿನಿಂದ ಹೆಸರು ಮಾಡಿದ ಹುಡುಗಿ ಕಾರಿನಲ್ಲಿ ಬಂದಿದ್ದಾಳೆ, ಜನ ಮುತ್ತಿಕೊಂಡಿದ್ದಾರೆ. ಉರ್ದು ಚೆನ್ನಾಗಿ ಮಾತಾಡುತ್ತಾಳೆ ಎಂದು ಯಾರೋ ಹೇಳಿದ ಮೇಲೆ ಗುರುದತ್ ಕಿವಿ ನೆಟ್ಟಗಾಯಿತು. ಕರೆಸಿ ಎರಡು ಮಾತಾಡಿಸಿ ಕಳಿಸಿದರು. ಆಮೇಲೆ ಸುದ್ದಿಯೇ ಇಲ್ಲ. ಇವರೂ ಮರೆತಿದ್ದರು. ಕೆಲವು ತಿಂಗಳ ಮೇಲೆ ಮದರಾಸಿನ ಮನೆಗೆ ಆಳು ಬಂತು, ಬೊಂಬಾಯಿಗೆ ಬನ್ನಿ ಎಂದು. ಎಮ್ಮೆಗೆ ಏನಾಯಿತು ಎಂದು ಯಾರೂ ಬರೆದಿಲ್ಲ, ಪಾಪ.

ಆದರೆ ನನ್ನನ್ನು ಕೇಳಿದರೆ ಎಮ್ಮೆಗಿಂತ ಮುಖ್ಯವಾದ ಕಥೆ ಅದರ ಮುಂದಿನದು, ರೀಲ್ಸ್‌ನವರು ಅದನ್ನು ಬಿಟ್ಟುಬಿಡುತ್ತಾರೆ. ಹುಡುಗಿಗೆ ಇನ್ನೂ ಹದಿನೆಂಟು ತುಂಬಿಲ್ಲ. ಪಕ್ಕದಲ್ಲಿ ಅಮ್ಮ. ಎದುರಿಗೆ ಗುರುದತ್, ‘ಸಿ.ಐ.ಡಿ.’ ನಿರ್ದೇಶಿಸಲಿರುವ ರಾಜ್ ಖೋಸ್ಲಾ, ಮೂರು ವರ್ಷದ ಕರಾರುಪತ್ರ. ಖೋಸ್ಲಾ ಹೇಳಿದರು, ಈ ಹೆಸರು ಉದ್ದವಾಯಿತು, ಬದಲಾಯಿಸಬೇಕು. ದಿಲೀಪ್ ಕುಮಾರ್, ಮೀನಾ ಕುಮಾರಿ, ಮಧುಬಾಲಾ, ನರ್ಗಿಸ್, ಎಲ್ಲರೂ ಬದಲಾಯಿಸಿಕೊಂಡವರೇ. ಹುಡುಗಿ ಅಂದಿದ್ದು ಇಷ್ಟು: ಅಪ್ಪ ಅಮ್ಮ ಇಟ್ಟ ಹೆಸರು, ಬದಲಾಯಿಸೋದಿಲ್ಲ. ಎಲ್ಲರೂ ಮಾಡಿದ್ದಾರೆ ಎನ್ನುವುದು ನನಗೆ ಕಾರಣ ಅಲ್ಲ. ಈ ಹಗ್ಗಜಗ್ಗಾಟ ಕೆಲವು ದಿನ ನಡೆದು ಕೊನೆಗೆ ಅವರೇ ಸೋತರು. ಸಹಿ ಹಾಕುವ ಹೊತ್ತಿಗೆ ಹುಡುಗಿ ಇನ್ನೊಂದು ತೆಗೆದಳು. ನನಗೆ ಒಪ್ಪಿಗೆಯಾಗದ ಬಟ್ಟೆ ನಾನು ಹಾಕೋದಿಲ್ಲ, ಅದನ್ನೂ ಕರಾರಿನಲ್ಲಿ ಬರೆಯಿರಿ.

ಬರೆದರು. ಅದು ಬರೀ ಕಾಗದದ ಮಾತೂ ಆಗಿರಲಿಲ್ಲ. ‘ಸಿ.ಐ.ಡಿ.’ಯ ‘ಕಹೀಂ ಪೆ ನಿಗಾಹೇಂ’ ಹಾಡಿಗೆ ತೆಳ್ಳನೆಯ ಲೇಸಿನ ಬ್ಲೌಸು ತಂದುಕೊಟ್ಟಾಗ, ದುಪಟ್ಟಾ ಇಲ್ಲದೆ ಹೊರಗೆ ಬರೋದಿಲ್ಲ ಎಂದು ಮೇಕಪ್ ರೂಮಿನಲ್ಲೇ ಕೂತರು. ಸೆಟ್ಟಿನಲ್ಲಿ ದೀಪ ಉರಿಯುತ್ತಿದೆ, ಎಲ್ಲರೂ ಕಾಯುತ್ತಿದ್ದಾರೆ, ಇದು ಅವರ ಮೊದಲ ಹಿಂದಿ ಸಿನಿಮಾ! ನಾನು ಮೊದಲ ಕೆಲಸಕ್ಕೆ ಸೇರಿದಾಗ ಆಫೀಸಿನಲ್ಲಿ ಚಹಾದ ಲೋಟ ತೊಳೆ ಎಂದರೂ ತೊಳೆದುಕೊಂಡು ಬಂದವಳು. ಅದಕ್ಕೇ ಈ ಕಥೆ ನನಗೆ ಜಾಸ್ತಿ ನಾಟುತ್ತದೆ.

ಪ್ರಶ್ನೆ: ಗುರುದತ್ ಕನ್ನಡದವರೇ ಅಲ್ವಾ? ನಮ್ಮ ಮನೆಯಲ್ಲಿ ಈ ಬಗ್ಗೆ ಬಾಜಿ ಕಟ್ಟಿದ್ದೇವೆ. (ಕುಮಟಾ)

ಉತ್ತರ: ಬಾಜಿ ಎಷ್ಟಕ್ಕೆ ಎನ್ನುವುದರ ಮೇಲೆ ಹೇಳುತ್ತೇನೆ! ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರ ಜುಲೈ 9. ಮನೆಮಾತು ಕೊಂಕಣಿ, ಮನೆತನದ ಹೆಸರು ಪಡುಕೋಣೆ. ಬೆಳೆದಿದ್ದು ಹೆಚ್ಚಾಗಿ ಕಲ್ಕತ್ತಾದಲ್ಲಿ. ಅರ್ಧ ದುಡ್ಡು ಅವರಿಗೆ, ಅರ್ಧ ನಿಮಗೆ.

ಆದರೆ ನಮ್ಮವರು ಎಂದು ಎದೆ ತಟ್ಟಿಕೊಳ್ಳಲು ಇನ್ನೊಬ್ಬರಿದ್ದಾರೆ, ಅವರನ್ನು ಯಾರೂ ಕೇಳುವುದಿಲ್ಲ. ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಬೊಂಬಾಯಿಗೆ ಹೋದವರು. ‘ಪ್ಯಾಸಾ’, ‘ಕಾಗಜ್ ಕೆ ಫೂಲ್’, ‘ಚೌದ್ವೀ ಕಾ ಚಾಂದ್‌’ನ ಬಣ್ಣದ ಹಾಡು, ‘ಸಾಹಿಬ್ ಬೀಬಿ ಔರ್ ಗುಲಾಮ್’, ಇವುಗಳಲ್ಲಿ ನಾವು ಕಂಡ ವಹೀದಾ ಮೂರ್ತಿಯವರ ಕ್ಯಾಮೆರಾ ಕಂಡ ವಹೀದಾ.

‘ಕಾಗಜ್ ಕೆ ಫೂಲ್’ನಲ್ಲಿ ‘ವಕ್ತ್ ನೇ ಕಿಯಾ’ ಹಾಡಿದೆಯಲ್ಲ, ಇವತ್ತು ರಾತ್ರಿ ಫೋನ್ ಪಕ್ಕಕ್ಕಿಟ್ಟು ಟಿವಿಯಲ್ಲಿ ಹಾಕಿಕೊಂಡು ನೋಡಿ. ಖಾಲಿ ಸ್ಟುಡಿಯೋ. ವಹೀದಾ ಒಂದು ಕಡೆ, ಗುರುದತ್ ಒಂದು ಕಡೆ. ಮೇಲಿನಿಂದ ಒಂದು ಬೆಳಕಿನ ಕೋಲು ಓರೆಯಾಗಿ ನೆಲಕ್ಕೆ ಬಿದ್ದಿದೆ, ಅದರೊಳಗೆ ಧೂಳು ತೇಲುತ್ತಿದೆ. ಇಬ್ಬರೂ ನಿಂತಲ್ಲೇ ನಿಂತಿದ್ದಾರೆ, ಅವರ ನೆರಳಿನಂಥ ರೂಪಗಳು ಮೈಬಿಟ್ಟು ಎದ್ದು ಆ ಬೆಳಕಿನಲ್ಲಿ ಒಂದರ ಕಡೆ ಒಂದು ನಡೆಯುತ್ತವೆ. ಸಿನಿಮಾದ ದೀಪ ಹಾಕಿದರೆ ಬೆಳಕು ಹರಡಿಕೊಳ್ಳುತ್ತದೆ, ಕಿಟಕಿಯಿಂದ ಬಿದ್ದ ಬಿಸಿಲಿನ ಹಾಗೆ ನೆಟ್ಟಗೆ ಬರುವುದಿಲ್ಲ. ಮೂರ್ತಿ ಏನು ಮಾಡಿದರು ಅಂದರೆ, ಸ್ಟುಡಿಯೋದ ಹೊರಗೆ ಬಿಸಿಲಿಗೆ ಒಂದು ದೊಡ್ಡ ಕನ್ನಡಿ ಇಡಿಸಿದರು, ಒಳಗೆ ಎತ್ತರದಲ್ಲಿ ಇನ್ನೊಂದು. ಬಿಸಿಲು ಒಂದರಿಂದ ಒಂದಕ್ಕೆ ಹಾರಿ ಕೆಳಗೆ ಬಿತ್ತು. ಜೊತೆಗೆ ಒಂದಿಷ್ಟು ಹೊಗೆ. ಚಿಕ್ಕವರಿದ್ದಾಗ ನಾವೂ ಕೈಗನ್ನಡಿ ಹಿಡಿದು ಎದುರು ಮನೆಯವರ ಮುಖಕ್ಕೆ ಬಿಸಿಲು ಬಿಡುತ್ತಿದ್ದೆವಲ್ಲ, ಅದೇ ಆಟ!

ಅಲ್ಲಿ ವಹೀದಾ ಮಾಡಿದ್ದು ಏನು ಎಂದು ನೋಡಿದರೆ, ಏನೂ ಇಲ್ಲ. ತುಟಿ ಅಲುಗಿಸುವುದಿಲ್ಲ, ಹಾಡು ಹಿನ್ನೆಲೆಯಲ್ಲಿ ಗೀತಾ ದತ್ ದನಿಯಲ್ಲಿ ಹೋಗುತ್ತಿರುತ್ತದೆ. ಸುಮ್ಮನೆ ನಿಂತಿದ್ದಾರೆ. ಹಾಗೆ ನಿಲ್ಲುವುದು ಎಷ್ಟು ಕಷ್ಟ ಎಂದು ಗೊತ್ತಾಗಬೇಕಾದರೆ ಯಾರದಾದರೂ ಮದುವೆ ವಿಡಿಯೋದಲ್ಲಿ ನಿಮ್ಮನ್ನು ನೀವೇ ನೋಡಿಕೊಳ್ಳಬೇಕು. 1959ರಲ್ಲಿ ಬಂದ ಈ ಚಿತ್ರ ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯದು. ಜನ ನೋಡಲಿಲ್ಲ, ದುಡ್ಡು ಮುಳುಗಿತು. ಅದಾದ ಮೇಲೆ ಗುರುದತ್ ತಮ್ಮ ಹೆಸರಿನಲ್ಲಿ ಇನ್ನೊಂದು ಚಿತ್ರ ನಿರ್ದೇಶಿಸಲಿಲ್ಲ. ಮೂರ್ತಿಯವರಿಗೆ ಮಾತ್ರ ಆ ಕೆಲಸಕ್ಕೆ ಫಿಲ್ಮ್‌ಫೇರ್ ಬಂತು, ಬಹಳ ವರ್ಷ ಕಳೆದು ಸಿನಿಮಾದವರಿಗೆ ಸರ್ಕಾರ ಕೊಡುವ ಅತಿ ದೊಡ್ಡ ಗೌರವವಾದ ಫಾಲ್ಕೆ ಪ್ರಶಸ್ತಿಯೂ, 2008ರ ಸಾಲಿನದು. ಛಾಯಾಗ್ರಾಹಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು.

‘ಚೌದ್ವೀ ಕಾ ಚಾಂದ್‌’ನ ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಚಿತ್ರ ಕಪ್ಪು ಬಿಳುಪು, ಬಂದಿದ್ದು 1960ರಲ್ಲಿ. ಆಮೇಲೆ ಶೀರ್ಷಿಕೆ ಗೀತೆಯನ್ನು ಬಣ್ಣದಲ್ಲಿ ಮತ್ತೆ ತೆಗೆದರು. ಬಣ್ಣದ ಫಿಲ್ಮಿಗೆ ಆಗ ವಿಪರೀತ ಬೆಳಕು ಬೇಕಿತ್ತು, ಆ ಶಾಖಕ್ಕೆ ವಹೀದಾ ಕಣ್ಣು ಕೆಂಪಗಾಗಿತ್ತು. ಸೆನ್ಸಾರಿನವರು ತಕರಾರು ತೆಗೆದರಂತೆ, ನಾಯಕಿ ಮಗ್ಗುಲು ಬದಲಿಸುವಾಗ ಕಣ್ಣು ಕೆಂಪಗಿದೆ, ಇದು ಬಹಳ ಮಾದಕವಾಯಿತು ಎಂದು. ಕಪ್ಪು ಬಿಳುಪಿನಲ್ಲಿ ಅದೇ ದೃಶ್ಯಕ್ಕೆ ಅವರದೇನೂ ತಕರಾರಿರಲಿಲ್ಲ!

ಪ್ರಶ್ನೆ: ಗುರುದತ್ ಮತ್ತು ವಹೀದಾ ನಡುವೆ ನಿಜಕ್ಕೂ ಏನಿತ್ತು? ಧೈರ್ಯ ಇದ್ದರೆ ಪ್ರಕಟಿಸಿ. (ಬಳ್ಳಾರಿ)

ಉತ್ತರ: ಪ್ರಕಟಿಸಿದ್ದೇನೆ ನೋಡಿ. ಉತ್ತರ ಮಾತ್ರ ನನ್ನಲ್ಲಿಲ್ಲ. ಗುರುದತ್ 1964ರ ಅಕ್ಟೋಬರಿನಲ್ಲಿ ಹೋದರು, ಅವರ ಹೆಂಡತಿ, ಗಾಯಕಿ ಗೀತಾ ದತ್ 1972ರಲ್ಲಿ. ಉಳಿದವರು ವಹೀದಾ ಒಬ್ಬರೇ, ಅವರು ಸಿನಿಮಾ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಇದರ ಬಗ್ಗೆ ಮಾತಾಡುವುದಿಲ್ಲ. ಅದು ನನ್ನ ಸ್ವಂತ ವಿಷಯ ಎನ್ನುವ ನಿಲುವು. ಇಷ್ಟು ವರ್ಷ ಎಷ್ಟು ಜನ ಮೈಕ್ ಹಿಡಿದು ಕೆದಕಿಲ್ಲ ಹೇಳಿ! ಒಂದು ಸಲವೂ ಬಾಯಿ ಜಾರಿಲ್ಲ. ನನಗೆ ಆ ಕಥೆಗಿಂತ ಈ ಹಠವೇ ಇಷ್ಟ.

ಕೆಲಸದ ಮಟ್ಟಿಗೆ ಒಂದು ಹೇಳಬಹುದು. ‘ಪ್ಯಾಸಾ’ ಮುಗಿದಾಗ ಗುರುದತ್ ಎಲ್ಲರ ಅಭಿಪ್ರಾಯ ಕೇಳಿದರಂತೆ. ವಹೀದಾ ಮೇಲೇ ಚಿತ್ರಿಸಿದ್ದ ಒಂದು ನಿಧಾನದ ಹಾಡಿತ್ತು. ಅದು ಬೇಸರ ತರಿಸುತ್ತೆ, ತೆಗೆದುಬಿಡಿ ಎಂದು ಇವರೇ ಹೇಳಿದರು. ಸಂಗೀತ ಮಾಡಿದ್ದ ಎಸ್.ಡಿ. ಬರ್ಮನ್ ಅವರಿಗೆ ಕೋಪ, ಈ ಹೊಸ ಹುಡುಗಿ ಯಾರು ಹೇಳೋಕೆ ಎಂದು. ಕೊನೆಗೆ ಹಾಡು ಹೋಯಿತು. ತಾನಿರುವ ಹಾಡನ್ನೇ ಕಿತ್ತುಹಾಕಿ ಎನ್ನುವ ನಟಿಯನ್ನು ನಾನಂತೂ ಬೇರೆ ಕಡೆ ಕೇಳಿಲ್ಲ.

ಪ್ರಶ್ನೆ: ‘ಗೈಡ್’ ನಮ್ಮ ಆರ್.ಕೆ. ನಾರಾಯಣ್ ಕಾದಂಬರಿ. ಮಾಲ್ಗುಡಿ ಎಲ್ಲಿ, ರಾಜಸ್ಥಾನ ಎಲ್ಲಿ? ಕಥೆ ಕೆಡಿಸಿದ ಚಿತ್ರವನ್ನು ನೀವು ಹೊಗಳಿದ್ದು ಸರಿಯಲ್ಲ. (ಮೈಸೂರು, ಯಾದವಗಿರಿ)

ಉತ್ತರ: ಯಾದವಗಿರಿಯಿಂದಲೇ ಈ ಪತ್ರ ಬರಬೇಕಿತ್ತು, ಬಂತು. ನಾರಾಯಣ್ ಅವರಿಗೂ ನಿಮ್ಮಷ್ಟೇ ಸಿಟ್ಟಿತ್ತು. ಚಿತ್ರದವರನ್ನು ಅವರೇ ಮೈಸೂರಿನ ಸುತ್ತಮುತ್ತ ಕರೆದುಕೊಂಡು ಹೋಗಿ ಹೊಳೆ, ದೇವಸ್ಥಾನ, ಹಳ್ಳಿ ಎಲ್ಲ ತೋರಿಸಿದ್ದರು. ಇವರು ತಲೆಯಾಡಿಸಿ ಹೋಗಿ ಉದಯಪುರ, ಚಿತ್ತೋರಗಢದಲ್ಲಿ ಶೂಟಿಂಗ್ ಇಟ್ಟುಕೊಂಡರು. ನಾರಾಯಣ್ ಆಮೇಲೆ ಇದನ್ನೆಲ್ಲ ತಮ್ಮ ಧಾಟಿಯಲ್ಲಿ ಗೇಲಿ ಮಾಡಿ ಬರೆದರು. ಕಾದಂಬರಿ ಓದಿ ಚಿತ್ರ ನೋಡಿದರೆ ನನಗೂ ಪಿಚ್ಚೆನಿಸುತ್ತದೆ. ಕಾದಂಬರಿಯ ಕೊನೆಯಲ್ಲಿ ಮಳೆ ಬಂತೋ ಇಲ್ಲವೋ ಎಂದು ನಾರಾಯಣ್ ನಮಗೇ ಬಿಡುತ್ತಾರೆ, ಚಿತ್ರದಲ್ಲಿ ಧೋ ಎಂದು ಸುರಿಯುತ್ತದೆ.

ಆದರೆ ರೋಸಿ? ಇಲ್ಲಿ ನಾನು ನಿಮ್ಮ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಗಂಡನನ್ನು ಬಿಟ್ಟು ಇನ್ನೊಬ್ಬನ ಜೊತೆ ಇರುವ ಹೆಂಗಸು, ನಾಯಕಿ! ಈ ಪಾತ್ರ ಮಾಡಿದರೆ ನಿನ್ನ ಕಥೆ ಮುಗೀತು ಎಂದು ಸುತ್ತಲಿನವರು ವಹೀದಾಗೆ ಎಚ್ಚರಿಸಿದ್ದರು. ಅವರು ಇದಕ್ಕೆ ಬೇಡ ಎನ್ನಲಿಲ್ಲ. ಬೇಡ ಎಂದಿದ್ದು ಬೇರೆಯದಕ್ಕೆ. ಒಂದು ಹಂತದಲ್ಲಿ ರಾಜ್ ಖೋಸ್ಲಾ ನಿರ್ದೇಶಿಸುವ ಮಾತಿತ್ತು. ‘ಸಿ.ಐ.ಡಿ.’ ಕಾಲದ ಬಟ್ಟೆಯ ಜಗಳ ಇನ್ನೂ ಆರಿರಲಿಲ್ಲ. ಹಾಗಾದರೆ ನಾನಿಲ್ಲ ಎಂದರು. ಕೊನೆಗೆ ನಿರ್ದೇಶಿಸಿದ್ದು ವಿಜಯ್ ಆನಂದ್. ಇಂಗ್ಲಿಷಿನಲ್ಲೂ ಅದೇ ಕಥೆ ಬೇರೆಯಾಗಿ ತೆಗೆದರು, ಅದನ್ನು ಅಮೆರಿಕದ ನಿರ್ದೇಶಕರೊಬ್ಬರು ಮಾಡಿದರು. ಅವರಿಗೆ ವಹೀದಾ ಬೇಕಿರಲಿಲ್ಲ. ರೋಸಿ ಎಂದರೆ ವಹೀದಾನೇ ಎಂದು ಪಟ್ಟು ಹಿಡಿದದ್ದು ಚಿತ್ರದ ನಾಯಕ, ನಿರ್ಮಾಪಕ ದೇವ್ ಆನಂದ್.

ಚಿತ್ರ ಬಂದಿದ್ದು 1965ರಲ್ಲಿ. ನಮ್ಮೂರಿನ ಟೆಂಟಿಗೆ ಅದು ಬಂದಿದ್ದು ಎಷ್ಟೋ ವರ್ಷದ ಮೇಲೆ. ಅಮ್ಮನಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ರೀಲು ತುಂಡಾಗಿ ಎರಡು ಸಲ ನಿಂತಿತ್ತಂತೆ, ಜನ ಸಿಳ್ಳೆ ಹೊಡೆದರಂತೆ. ಆದರೆ ಅಮ್ಮ ವರ್ಷಗಳ ಮೇಲೂ ಹೇಳುತ್ತಿದ್ದುದು ಒಂದೇ ದೃಶ್ಯ: ಆ ಹುಡುಗಿ ಗೆಜ್ಜೆ ಕೊಂಡುಕೊಂಡು ಕಾಲಿಗೆ ಕಟ್ಟಿಕೊಂಡು ಬೀದಿಯಲ್ಲೇ ಓಡುತ್ತಾಳಲ್ಲ, ಅದು. ಅದಾದ ಮೇಲೇ ‘ಆಜ್ ಫಿರ್ ಜೀನೇ ಕಿ ತಮನ್ನಾ ಹೈ’ ಬರುವುದು. ಹುಲ್ಲು ತುಂಬಿದ ಗಾಡಿಯಲ್ಲಿ ಕೂತು ಮಡಕೆ ಎಸೆದು ಒಡೆಯುತ್ತಾರೆ, ಕೋಟೆಯ ಗೋಡೆಯ ಅಂಚಿನ ಮೇಲೆ ಕೈಬೀಸಿಕೊಂಡು ನಡೆಯುತ್ತಾರೆ. ಭಾಷೆ ಗೊತ್ತಿಲ್ಲದ ಅಮ್ಮನಿಗೆ ಏನು ತಿಳಿಯಿತು ಎಂದು ನಾನು ಕೇಳಿದ್ದೆ. ‘ಅವಳಿಗೆ ಕುಣೀಬೇಕಾಗಿತ್ತು ಕಣೆ, ಇಷ್ಟು ದಿನ ಬಿಟ್ಟಿರ್ಲಿಲ್ಲ’ ಎಂದಳು. ಸರಿಯಾಗೇ ತಿಳಿದಿತ್ತು.

ಇದೇ ಪಾತ್ರಕ್ಕೆ ಅವರಿಗೆ ಫಿಲ್ಮ್‌ಫೇರ್ ಬಂತು. ಇನ್ನೊಂದು ಬಂದಿದ್ದು ‘ನೀಲ್ ಕಮಲ್’ಗೆ. ಅದು ಏಕೆ ಬಂತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಪ್ರಶ್ನೆ: ವಹೀದಾ ಚೆಲುವೆ, ಒಪ್ಪಿದೆ. ಆದರೆ ನಟನೆಯಲ್ಲಿ ನೂತನ್, ಮೀನಾ ಕುಮಾರಿ ಮುಂದೆ ನಿಲ್ಲುತ್ತಾರಾ? ನಿಮ್ಮದು ಬರೀ ಅಭಿಮಾನ. (ಧಾರವಾಡ)

ಉತ್ತರ: ಅಭಿಮಾನ ಇದೆ ಸರ್, ಅದನ್ನು ಮುಚ್ಚಿಟ್ಟು ನನಗೇನು ಆಗಬೇಕು. ‘ಸಾಹಿಬ್ ಬೀಬಿ ಔರ್ ಗುಲಾಮ್’ನಲ್ಲಿ ಚೋಟಿ ಬಹು, ಅಂದರೆ ಜಮೀನ್ದಾರರ ಮನೆಯ ಕಿರಿಸೊಸೆಯ ಪಾತ್ರದ ಮೇಲೆ ವಹೀದಾಗೂ ಆಸೆ ಇತ್ತು. ನೀನು ತೀರಾ ಚಿಕ್ಕವಳಂತೆ ಕಾಣುತ್ತೀಯ ಎಂದರು. ಅದು ಮೀನಾ ಕುಮಾರಿಗೆ ಹೋಯಿತು, ಅವರು ಅದರಲ್ಲಿ ಏನು ಮಾಡಿದ್ದಾರೆ ಎಂದು ನಾನು ಹೇಳಬೇಕಾಗಿಲ್ಲ. ಅದನ್ನು ವಹೀದಾ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ, ಇದು ನನ್ನ ಅನಿಸಿಕೆ. ಎದೆ ಬಿರಿಯುವ ಹಾಗೆ ಅಳುವುದು ಅವರ ಕೈಗೆ ಹತ್ತುವ ಕೆಲಸ ಅಲ್ಲ. ‘ಬೀಸ್ ಸಾಲ್ ಬಾದ್’, ‘ಕೊಹ್ರಾ’ ಥರದ ದೆವ್ವದ ಚಿತ್ರಗಳಲ್ಲಿ ಅವರಿಗೆ ಹೆಚ್ಚು ಕೆಲಸವೂ ಇಲ್ಲ.

ಆದರೆ ‘ತೀಸ್ರಿ ಕಸಮ್’ ನೋಡಿದ್ದೀರಾ? ಫಣೀಶ್ವರನಾಥ ರೇಣು ಅವರ ಕಥೆ, ಕವಿ ಶೈಲೇಂದ್ರ ಸಾಲ ಸೋಲ ಮಾಡಿ ನಿರ್ಮಿಸಿದ್ದು. ಉತ್ತರದ ಕಡೆಯ ಹಾಡು ಕುಣಿತದ ನಾಟಕ ನೌಟಂಕಿಯಲ್ಲಿ ಕುಣಿಯುವ ಹೀರಾಬಾಯಿಯನ್ನು (ವಹೀದಾ) ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಕರೆದೊಯ್ಯುವ ಗಾಡಿಯವ ರಾಜ್ ಕಪೂರ್. ಅವನು ಇವಳನ್ನು ದೇವತೆ ಎಂದುಕೊಂಡಿದ್ದಾನೆ. ಅವನು ಮಾತಾಡುತ್ತಾನೆ, ಇವರು ಕೇಳಿಸಿಕೊಳ್ಳುತ್ತಾರೆ. ಆ ಕೇಳಿಸಿಕೊಳ್ಳುವುದರಲ್ಲೇ, ಇವನ ನಂಬಿಕೆ ಒಡೆಯಬಾರದು ಎನ್ನುವುದೂ, ಇದು ನಡೆಯುವುದಲ್ಲ ಎನ್ನುವುದೂ ಎರಡೂ ಮುಖದಲ್ಲಿ ಹಾದುಹೋಗುತ್ತವೆ. ನಮ್ಮ ಕಂಪನಿ ನಾಟಕದ ಹೆಂಗಸರ ಬದುಕು ಗೊತ್ತಿರುವ ನಿಮ್ಮ ಕಡೆಯವರಿಗೆ ಅದು ಇನ್ನೂ ಚೆನ್ನಾಗಿ ಹಿಡಿಸಬೇಕು. 1966ರಲ್ಲಿ ಬಂದ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಆದರೆ ಅದಕ್ಕೆ ಮೊದಲೇ, ಆ ವರ್ಷದ ಡಿಸೆಂಬರಿನಲ್ಲಿ ಶೈಲೇಂದ್ರ ತೀರಿಕೊಂಡಿದ್ದರು.

ಆಮೇಲೆ ‘ಖಾಮೋಶಿ’, 1969. ಮಾನಸಿಕ ಆಸ್ಪತ್ರೆಯ ನರ್ಸು. ರೋಗಿಯನ್ನು ಗುಣ ಮಾಡಲು ಪ್ರೀತಿಯ ನಾಟಕ ಆಡಬೇಕು, ನಾಟಕ ಆಡುತ್ತಾ ನಿಜವಾಗಿ ಪ್ರೀತಿಸಿ ಕೊನೆಗೆ ತಾನೇ ರೋಗಿಯಾಗುತ್ತಾಳೆ. ಇದನ್ನು ನೋಡಿದ ಮೇಲೂ ಬರೀ ಚೆಲುವೆ ಅಂದರೆ, ನೀವು ಒಂದು ಪತ್ರ ಬರೆಯಿರಿ, ನಾನು ಧಾರವಾಡಕ್ಕೇ ಬರುತ್ತೇನೆ. ಪೇಡೆ ನಿಮ್ಮ ಖರ್ಚು.

ಪ್ರಶ್ನೆ: ಅಮಿತಾಭ್‌ಗೆ ಹೆಂಡತಿಯಾಗಿಯೂ ಮಾಡಿದ್ದಾರೆ, ತಾಯಿಯಾಗಿಯೂ ಮಾಡಿದ್ದಾರೆ ಎನ್ನುತ್ತಾರೆ. ಹೇಗೆ ಸಾಧ್ಯ? (ತಿಪಟೂರು)

ಉತ್ತರ: ಹಿಂದಿ ಸಿನಿಮಾದಲ್ಲಿ ಎಲ್ಲವೂ ಸಾಧ್ಯ. 1976ರ ‘ಕಭೀ ಕಭೀ’ಯಲ್ಲಿ ಹೆಂಡತಿ. ಅದೇ ವರ್ಷ ‘ಅದಾಲತ್’ನಲ್ಲಿ ಅಮಿತಾಭ್‌ದು ಎರಡು ಪಾತ್ರ, ಅಪ್ಪ ಮತ್ತು ಮಗ. ಹಾಗಾಗಿ ಇವರು ಒಬ್ಬ ಅಮಿತಾಭ್‌ಗೆ ಹೆಂಡತಿ, ಇನ್ನೊಬ್ಬ ಅಮಿತಾಭ್‌ಗೆ ತಾಯಿ, ಒಂದೇ ಟಿಕೆಟ್ಟಿನಲ್ಲಿ. 1978ರ ‘ತ್ರಿಶೂಲ್‌’ನಿಂದ ಪಕ್ಕಾ ತಾಯಿ. ‘ನಮಕ್ ಹಲಾಲ್’, ‘ಕೂಲಿ’ಯಲ್ಲೂ ಅಷ್ಟೆ. ವಯಸ್ಸಿನಲ್ಲಿ ಇಬ್ಬರಿಗೂ ನಾಲ್ಕೇ ವರ್ಷದ ಅಂತರ. ನಾಯಕ ಹಾಗೇ ನಾಯಕನಾಗಿ ಉಳಿದ, ನಾಯಕಿ ತಾಯಿಯಾದಳು. 1973ರಲ್ಲಿ ‘ಫಾಗುನ್’ ಚಿತ್ರದಲ್ಲಿ ಜಯಾ ಭಾದುರಿಗೆ ತಾಯಿಯಾಗಿ ಮಾಡಿದಾಗ ವಹೀದಾಗೆ ಮೂವತ್ತೈದು.

ಇದಕ್ಕೆಲ್ಲ ಮೊದಲು 1971ರ ‘ರೇಶ್ಮಾ ಔರ್ ಶೇರಾ’ ಇದೆ. ಸುನಿಲ್ ದತ್ ಜೈಸಲ್ಮೇರ್ ಕಡೆಯ ಮರಳುಗಾಡಿನಲ್ಲಿ ತೆಗೆದ ಚಿತ್ರ. ಅಮಿತಾಭ್ ಇನ್ನೂ ಹೊಸಬ, ಮೂಗನ ಪಾತ್ರ. ಅವರ ಕೆನ್ನೆಗೆ ವಹೀದಾ ಹೊಡೆಯಬೇಕಾದ ದೃಶ್ಯ. ಜೋರಾಗೇ ಬೀಳುತ್ತೆ ನೋಡು ಎಂದು ತಮಾಷೆ ಮಾಡಿದ್ದರಂತೆ, ಟೇಕಿನಲ್ಲಿ ನಿಜವಾಗಿಯೂ ಜೋರಾಗೇ ಬಿತ್ತು. ಆ ಚಿತ್ರಕ್ಕೇ ಅವರಿಗೆ ರಾಷ್ಟ್ರಪ್ರಶಸ್ತಿ, ಶ್ರೇಷ್ಠ ನಟಿ. ಮರುವರ್ಷ ಪದ್ಮಶ್ರೀ.

ತಾಯಿ ಪಾತ್ರಗಳಲ್ಲಿ ಒಂದನ್ನಾದರೂ ನೋಡಿ ಎಂದರೆ ನಾನು ಹೇಳುವುದು ತಾಯಿಯದಲ್ಲ, ಹೆಂಡತಿಯದು. 1984ರ ‘ಮಶಾಲ್’. ರಾತ್ರಿ, ಮಳೆ ಬಿದ್ದ ರಸ್ತೆ, ಹೊಟ್ಟೆನೋವಿನಿಂದ ಹೆಂಡತಿ ಕುಸಿದಿದ್ದಾಳೆ, ದಿಲೀಪ್ ಕುಮಾರ್ ಹೋಗುವ ಒಂದೊಂದು ಗಾಡಿಯನ್ನೂ ಕೂಗಿ ಕರೆಯುತ್ತಾರೆ. ಎಲ್ಲರೂ ದಿಲೀಪ್ ಬಗ್ಗೆ ಮಾತಾಡುತ್ತಾರೆ. ನೆಲದ ಮೇಲೆ ಮುದುಡಿಕೊಂಡವರ ಮುಖವನ್ನೂ ಒಂದು ಸಲ ನೋಡಿ.

ಪ್ರಶ್ನೆ: ವಹೀದಾ ನಮ್ಮ ಬೆಂಗಳೂರಿನಲ್ಲಿ ಇದ್ದರು ಎಂದು ನಮ್ಮ ತಾತ ಹೇಳುತ್ತಾರೆ. ತಾತ ಸ್ವಲ್ಪ ಜಾಸ್ತಿ ಹೇಳುವವರು, ಅದಕ್ಕೆ ಕೇಳುತ್ತಿದ್ದೇನೆ. (ಬೆಂಗಳೂರು, ಜಯನಗರ)

ಉತ್ತರ: ತಾತ ಈ ಸಲ ಸರಿಯಾಗೇ ಹೇಳಿದ್ದಾರೆ, ಹೋಗಿ ಕ್ಷಮೆ ಕೇಳಿ. 1974ರಲ್ಲಿ ವಹೀದಾ ಶಶಿ ರೇಖಿ ಅವರನ್ನು ಮದುವೆಯಾದರು. ಪರದೆಯ ಮೇಲೆ ಕಮಲ್‌ಜೀತ್ ಎಂದು ಹೆಸರು, ಇಬ್ಬರೂ ‘ಶಗುನ್’ ಎಂಬ ಚಿತ್ರದಲ್ಲಿ ಜೊತೆಯಾಗಿ ಮಾಡಿದ್ದರು. ಒಬ್ಬರು ಮುಸ್ಲಿಂ, ಇನ್ನೊಬ್ಬರು ಪಂಜಾಬಿ ಹಿಂದೂ. ಬೆಂಗಳೂರಿನ ಹೊರವಲಯದಲ್ಲಿ ತೋಟದ ಮನೆ ಮಾಡಿಕೊಂಡು ಬಹಳ ವರ್ಷ ಇದ್ದರು, ಇಬ್ಬರು ಮಕ್ಕಳನ್ನು ಬೆಳೆಸಿದರು. ಕೆಲಸ ಇದ್ದಾಗ ಬೊಂಬಾಯಿಗೆ ಹೋಗಿ ಬರುತ್ತಿದ್ದರು. 1991ರ ‘ಲಮ್ಹೆ’ ಆದ ಮೇಲೆ ಅದೂ ನಿಂತಿತು.

ನನಗೆ ಇದು ಸೋಜಿಗ. ಅಷ್ಟು ಹೆಸರಿರುವವರು ನಮ್ಮ ಊರಿನ ಅಂಚಿನಲ್ಲಿ ಗಿಡ ಮರ ನೋಡಿಕೊಂಡು ಇದ್ದರು, ನಾವು ಇಲ್ಲೇ ಬಸ್ಸಿಗೆ ಕಾಯುತ್ತಾ ನಿಂತು ಅವರ ಹಾಡು ಗುನುಗುತ್ತಿದ್ದೆವು. ಸದ್ದಿಲ್ಲ, ಗದ್ದಲವಿಲ್ಲ.

2000ದಲ್ಲಿ ಗಂಡ ತೀರಿಕೊಂಡರು. ಆ ಹೊತ್ತಿಗೆ ಕರಣ್ ಜೋಹರ್ ಚಿತ್ರದಲ್ಲಿ ಮತ್ತೆ ಅಮಿತಾಭ್‌ಗೆ ತಾಯಿಯಾಗಿ ಒಪ್ಪಿಕೊಂಡಿದ್ದರು, ಬಿಟ್ಟರು. ವಾಪಸು ಮುಂಬಯಿಯ ಬಾಂದ್ರಾ ಮನೆಗೆ ಹೋದರು. ಆಮೇಲಿನದು ನಿಮಗೂ ನೆನಪಿರಬಹುದು. 2006ರ ‘ರಂಗ್ ದೇ ಬಸಂತಿ’ಯಲ್ಲಿ ವಿಮಾನ ಬಿದ್ದು ಸತ್ತ ಪೈಲಟ್‌ನ ತಾಯಿ. ಕೂದಲಿಗೆ ಬಣ್ಣ ಹಾಕದ, ಬೆಳ್ಳಗಿನ ತಲೆ. ‘ಲುಕಾ ಛುಪಿ’ ಹಾಡು ಬಂದಾಗ ಥಿಯೇಟರಿನಲ್ಲಿ ನನ್ನ ಪಕ್ಕ ಕೂತಿದ್ದ ಕಾಲೇಜು ಹುಡುಗ ಪಾಪ್‌ಕಾರ್ನ್ ತಿನ್ನುವುದನ್ನು ನಿಲ್ಲಿಸಿದ್ದ. ಅವನಿಗೆ ‘ಗೈಡ್’ ಗೊತ್ತಿತ್ತೋ ಇಲ್ಲವೋ.

ಪ್ರಶ್ನೆ: ಫಾಲ್ಕೆ ಪ್ರಶಸ್ತಿ ಇಷ್ಟು ತಡವಾಗಿ ಕೊಟ್ಟಿದ್ದು ಅನ್ಯಾಯ ಅಲ್ವಾ? (ಸಾಗರ)

ಉತ್ತರ: ತಡವಾಗಿದ್ದು ಹೌದು. 2021ರ ಸಾಲಿನದು, ಘೋಷಿಸಿದ್ದು 2023ರ ಸೆಪ್ಟೆಂಬರ್ 26ಕ್ಕೆ. ಅವತ್ತು ದೇವ್ ಆನಂದ್ ಹುಟ್ಟಿ ಸರಿಯಾಗಿ ನೂರು ವರ್ಷ. ವಹೀದಾ ಅವರ ಮೊದಲ ಹಿಂದಿ ಚಿತ್ರ ‘ಸಿ.ಐ.ಡಿ.’ಯ ನಾಯಕನ ನೂರನೇ ಹುಟ್ಟುಹಬ್ಬದ ದಿನ. ಹಾಗೆ ನೋಡಿದರೆ ಸ್ವಲ್ಪ ಬೇಗ ಕೊಟ್ಟಿದ್ದರೆ ಇದು ತಪ್ಪಿಹೋಗುತ್ತಿತ್ತು. ಪದ್ಮಭೂಷಣ 2011ರಲ್ಲೇ ಬಂದಿತ್ತು.

ಪ್ರಶ್ನೆ: ಈಗ ಏನು ಮಾಡುತ್ತಾರೆ? (ಶಿರಸಿ)

ಉತ್ತರ: ಫೋಟೋ ತೆಗೆಯುತ್ತಾರೆ. ಕಾಡುಪ್ರಾಣಿಗಳದ್ದು. ಎಪ್ಪತ್ತು ದಾಟಿದ ಮೇಲೆ ದೊಡ್ಡ ಕ್ಯಾಮೆರಾ ಹಿಡಿದು ಆಫ್ರಿಕಾದ ಕಾಡಿನಲ್ಲಿ ಜೀಪಿನ ಮೇಲೆ ಸುತ್ತಿದವರು. ಮೊಣಕಾಲು ನೋವು ಎಂದು ಶಿರಸಿ ಮಾರಿಕಾಂಬಾ ಜಾತ್ರೆಗೂ ಹೋಗದ ನನ್ನಂಥವಳು ಈ ಉತ್ತರ ಬರೆಯುವುದೇ ನಾಚಿಕೆಗೇಡು.

ಪ್ರಶ್ನೆ: ಅವರ ಮನೆ ವಿಳಾಸ, ಫೋನ್ ನಂಬರ್ ಇದ್ದರೆ ಕಳಿಸಿ. ತುಂಬಾ ಅರ್ಜೆಂಟು. (ಊರು ಬರೆದಿಲ್ಲ)

ಉತ್ತರ: ಇಲ್ಲ. ಇದ್ದರೂ ಕೊಡೋದಿಲ್ಲ. ‘ತೀಸ್ರಿ ಕಸಮ್’ ನೋಡಿ.